ಬಸ್ರಾ ಕೋಠಿಯ ಕಥೆ: ತಡಮಾಡಿದವರು ಯಾರು?

ಟಿಪ್ಪೂ ಸುಲ್ತಾನನು ತುರ್ಕಸ್ಥಾನಕ್ಕೆ ಕಳುಹಿದ ರಾಯಭಾರದ ಮಾತು ಬಂದಾಗ ಅದನ್ನು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವ ರೂಢಿಯು ನಮ್ಮ ಇತಿಹಾಸಕಾರರಲ್ಲಿ ಬಹುಮಂದಿಗೆ ಉಂಟು. ರಾಯಭಾರಿಗಳು ಹೋದರು, ಮರ್ಯಾದೆಯ ಉಡುಪುಗಳನ್ನು ಪಡೆದು ಮರಳಿದರು, ಸೈನ್ಯದ ಸಹಾಯವು ಮಾತ್ರ ದೊರೆಯಲಿಲ್ಲ ಎಂದಷ್ಟು ಹೇಳಿದರೆ ಅವರಿಗೆ ಸಾಕು. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಅದೆಲ್ಲವೂ ಬಿರುದಿನ ಹುಚ್ಚೆಂದು ನಗೆಯಾಡುವರು. ನಾವು ಈ ಎರಡೂ ಪಕ್ಷಗಳನ್ನು ಒಪ್ಪುವದಿಲ್ಲ. ಆ ರಾಯಭಾರದ ಒಡಲಲ್ಲಿ ಒಂದು ವ್ಯಾಪಾರದ ಕರಾರು ಇದ್ದಿತು. ಆ ಕರಾರಿನಲ್ಲಿ ನಮ್ಮ ಕರಾವಳಿಯ ಅಕ್ಕಿ, ನಮ್ಮ ಘಟ್ಟದ ಮೆಣಸು ಮತ್ತು ಏಲಕ್ಕಿ, ನಮ್ಮ ಕಾಡಿನ ಶ್ರೀಗಂಧ ಇವುಗಳ ಭವಿಷ್ಯವು ಅಡಗಿದ್ದಿತು. ಅದನ್ನು ಕೊಂದದ್ದು ಖಂಡಿತವಾದ ನಿರಾಕರಣೆಯಲ್ಲ; ವಿಳಂಬವು. ಯುದ್ಧದ ಹೆಸರಿನಲ್ಲಿ ಒಂದೊಂದೇ ಬಾಗಿಲಲ್ಲಿ ನಿಲ್ಲಿಸಿ, ನಾಳೆ ಬಾ ಎಂದು ಹೇಳಿ, ನಾಲ್ಕು ವರ್ಷಗಳನ್ನು ನುಂಗಿದ ವಿಳಂಬವು. ಈ ತಡವು ಯಾರಿಂದ ಆಯಿತೆಂಬ ಲೆಕ್ಕವನ್ನು ಯಾರೂ ಸರಿಯಾಗಿ ಮಾಡಿಲ್ಲವಾದ್ದರಿಂದ ನಾವೇ ಇಂದು ಮಾಡಬೇಕಾಗಿದೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುವೆವು. ಟಿಪ್ಪುವಿನ ಹೆಸರೆತ್ತಿದೊಡನೆ ಒಬ್ಬರು ಹೂಮಾಲೆಯನ್ನೂ ಮತ್ತೊಬ್ಬರು ಕಲ್ಲನ್ನೂ ಕೈಗೆತ್ತಿಕೊಳ್ಳುವ ಕಾಲವಿದು. ಕೊಡಗಿನಲ್ಲಿ, ಮಲಬಾರದಲ್ಲಿ, ಮಂಗಳೂರಿನ ಕ್ರೈಸ್ತರ ವಿಷಯದಲ್ಲಿ ಆತನು ನಡೆದುಕೊಂಡ ರೀತಿಯನ್ನು ತೂಗುವ ತಕ್ಕಡಿ ಬೇರೆ ಇದೆ. ಆ ತಕ್ಕಡಿಯನ್ನು ನಾವು ಇಲ್ಲಿ ಮುಟ್ಟುವದಿಲ್ಲ. ನಮ್ಮ ಪ್ರಶ್ನೆಯು ಬಂದರದ ಪ್ರಶ್ನೆ, ಸರಕಿನ ಪ್ರಶ್ನೆ, ಅಡತಿಯ ಪ್ರಶ್ನೆ. ದೊರೆಯನ್ನು ಹೊಗಳಬೇಕೆಂದಾಗಲಿ ತೆಗಳಬೇಕೆಂದಾಗಲಿ ಬಂದ ವಾಚಕರು ಈ ಲೇಖನವನ್ನು ಇಲ್ಲಿಯೇ ಬಿಟ್ಟರೂ ನಮಗೆ ಬೇಸರವಿಲ್ಲ.

1784ನೆಯ ಇಸವಿಯ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಗಿ ಎರಡನೆಯ ಮೈಸೂರು ಯುದ್ಧವು ಮುಗಿಯಿತು. ಆಗ ಮಂಗಳೂರಿನಿಂದ ಕಾರವಾರದ ಸೀಮೆಯ ವರೆಗಿನ ಕರಾವಳಿಯೂ, ಅದರ ಬೆನ್ನಿಗೆ ನಿಂತ ಘಟ್ಟವೂ, ಘಟ್ಟದ ಆಚೆಯ ಬಯಲೂ ಒಂದೇ ಆಳಿಕೆಯಲ್ಲಿದ್ದವು. ಇದು ಸಣ್ಣ ಸಂಗತಿಯಲ್ಲವೆಂಬದನ್ನು ವಾಚಕರು ಗಮನಿಸಬೇಕು. ಗಂಧದ ಮರವು ಬೆಳೆಯುವ ನೆಲಕ್ಕೂ ಅದನ್ನು ಹಡಗಿಗೆ ಹೇರುವ ದಕ್ಕೆಗೂ ನಡುವೆ ಪರರ ಸುಂಕದ ಚೌಕಿಯಿರಲಿಲ್ಲ. ಕನ್ನಡ ಜಿಲ್ಲೆಯ ಅಕ್ಕಿಯು ಶತಮಾನಗಳಿಂದ ಅರಬ್ಬೀ ಸಮುದ್ರದ ಆಚೆಯ ದಂಡೆಗೆ ಹೋಗುತ್ತಿದ್ದಿತು. ಒಮಾನದ ಬರಡು ನೆಲಕ್ಕೆ ಅಕ್ಕಿಯು ಹೊರಗಿನಿಂದಲೇ ಬರಬೇಕು. ಕೆಳದಿಯ ನಾಯಕರ ಕಾಲದಲ್ಲಿಯೂ ಅರಬರ ಹಡಗುಗಳು ನಮ್ಮ ಹೊಳೆಬಾಯಿಗಳಲ್ಲಿ ಲಂಗರು ಹಾಕುತ್ತಿದ್ದವು, ಪೋರ್ತುಗೀಜರು ಅದನ್ನು ಕಂಡು ಉರಿಯುತ್ತಿದ್ದರು. ಟಿಪ್ಪುವು ಹೊಸದಾಗಿ ಕಂಡುಹಿಡಿದದ್ದು ಈ ವ್ಯಾಪಾರವನ್ನಲ್ಲ. ವ್ಯಾಪಾರದ ಲಾಭವು ಪರದೇಶದ ಮಧ್ಯಸ್ಥನ ಪಾಲಾಗದಂತೆ ಆ ದಂಡೆಯಲ್ಲಿ ತನ್ನದೇ ಕೋಠಿಯನ್ನಿಡಬೇಕೆಂಬ ವಿಚಾರವು ಮಾತ್ರ ಆತನದು. ಗಂಧ, ಮೆಣಸು, ಏಲಕ್ಕಿಗಳನ್ನು ಇಂಗ್ಲಿಷರಿಗೆ ಮಾರಕೂಡದೆಂದು ಆತನು ತನ್ನ ಬಂದರುಗಳಲ್ಲಿ ನಿರ್ಬಂಧವನ್ನು ಹಾಕಿದನು. ಮಾರಾಟವನ್ನು ಒಂದು ಕಡೆ ಮುಚ್ಚಿದವನು ಇನ್ನೊಂದು ಕಡೆ ತೆರೆಯಲೇಬೇಕಷ್ಟೆ!

ಮಸ್ಕತ್ತಿನಲ್ಲಿ ಆ ಬಾಗಿಲು ತೆರೆಯಿತು. ಅಲ್ಲಿ ಮೈಸೂರು ಸರಕಾರದ ಕೋಠಿಯಿದ್ದಿತು. ಮೀರ್ ಕಾಜಿಮ್ ಎಂಬ ದಾರೋಗನು ಅದರ ಮೇಲ್ವಿಚಾರಕನಾಗಿದ್ದನು. ಸ್ಥಳದ ಹಿಂದೂ ವರ್ತಕನೊಬ್ಬನು ದಲಾಲನಾಗಿ ನಿಂತು ಕೆಲಸವನ್ನು ಸಾಗಿಸುತ್ತಿದ್ದನು. ಮೀರ್ ಕಾಜಿಮನಿಗೆ ಶ್ರೀರಂಗಪಟ್ಟಣದಿಂದ ಹೋದ ಪತ್ರಗಳು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿಯ ಭಾಷಾಂತರದಲ್ಲಿ 1811ರಲ್ಲಿ ಅಚ್ಚಾಗಿವೆ. ಸುಲ್ತಾನನ ಮೇಲೆ ದ್ವೇಷವನ್ನು ಮುಚ್ಚಿಡದ ಭಾಷಾಂತರಕಾರನು ಆತನು. ಆದರೂ ಆ ಪತ್ರಗಳಲ್ಲಿ ಕಾಣುವದು ಹುಚ್ಚನಲ್ಲ, ಅಂಗಡಿಯ ಲೆಕ್ಕವನ್ನು ತಾನೇ ನೋಡುವ ಯಜಮಾನನು. ಬೆಲೆಯನ್ನು ನೋಡಿ ಸರಕನ್ನು ಬಿಡಬೇಕು, ಗಂಧಕವನ್ನು ಕೊಳ್ಳಬೇಕು, ಕೇಸರಿಯ ಬೀಜವನ್ನು ಹುಡುಕಬೇಕು, ರೇಷ್ಮೆಯ ಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಕಳುಹಬೇಕು, ಮುತ್ತಿಗಾಗಿ ಮುಳುಗುವವರನ್ನು ಗೊತ್ತುಮಾಡಿ ಮಂಗಳೂರಿಗೆ ಅಟ್ಟಬೇಕು ಎಂದು ಒಂದರ ಮೇಲೊಂದು ಅಪ್ಪಣೆಗಳು. ಇಂದಿಗೂ ನಮ್ಮ ನಾಡಿಗೆ ಅನ್ನವನ್ನಿಕ್ಕುತ್ತಿರುವ ರೇಷ್ಮೆಯ ಉದ್ಯೋಗವನ್ನು ಬೆಳೆಸಬೇಕೆಂಬ ಹಂಬಲವು ಆ ಪತ್ರಗಳಲ್ಲಿ ಅಕ್ಕಿ ಮೆಣಸುಗಳ ಲೆಕ್ಕದ ಪಕ್ಕದಲ್ಲಿಯೇ ಕುಳಿತಿದೆ. ಮಸ್ಕತ್ತಿನ ಅರಸರಿಗೆ ಮಂಗಳೂರಿನ ಅಕ್ಕಿ ಬೇಕಾಗಿದ್ದಿತು. ಆದುದರಿಂದ ಜಕಾತಿಯಲ್ಲಿ ರಿಯಾಯತಿ ಸಿಕ್ಕಿತು. ಇಲ್ಲಿ ಯಾರೂ ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ.

ಮಸ್ಕತ್ತಿನಿಂದ ಮುಂದೆ ಇರುವದು ಬಸ್ರಾ. ಅದು ತುರ್ಕರ ಸಾಮ್ರಾಜ್ಯದ ಬಾಗಿಲು. ಅಲ್ಲಿಂದ ಬಾಗದಾದು, ಹಲಬು, ಇಸ್ತಾಂಬೂಲುಗಳ ವರೆಗೆ ಸರಕು ನದಿಯಿಂದಲೂ ಒಂಟೆಯ ಸಾಲುಗಳಿಂದಲೂ ಹೋಗುತ್ತಿದ್ದಿತು. 1784ರಲ್ಲಿ ಉಸ್ಮಾನ್ ಖಾನನೆಂಬವನನ್ನು ಮುಂದಾಗಿ ಕಳುಹಿ ತುರ್ಕರ ಮನಸ್ಸನ್ನು ತಿಳಿದುಕೊಂಡ ಮೇಲೆ ಟಿಪ್ಪುವು ದೊಡ್ಡ ರಾಯಭಾರವನ್ನು ಸಿದ್ಧಮಾಡಿದನು. ಬಸ್ರಾ ಬಂದರವನ್ನು ತನಗೆ ಇಜಾರೆಗೆ ಕೊಡಬೇಕು. ಅದಕ್ಕೆ ಪ್ರತಿಯಾಗಿ ತನ್ನ ಕರಾವಳಿಯಲ್ಲಿ ತುರ್ಕರಿಗೆ ಅಂಥದೇ ಸವಲತ್ತನ್ನು ಕೊಡುವೆನು. ಎರಡೂ ರಾಜ್ಯಗಳ ವರ್ತಕರಿಗೆ ಪರಸ್ಪರ ಅನುಕೂಲಗಳಿರಬೇಕು. ಬಂದೂಕು, ಗಡಿಯಾರ, ಗಾಜು, ಪಿಂಗಾಣಿಗಳನ್ನು ಮಾಡಬಲ್ಲ ಕುಶಲರನ್ನು ಕಳುಹಬೇಕು. ಇವು ಆ ರಾಯಭಾರದ ಬೇಡಿಕೆಗಳಲ್ಲಿ ಮುಖ್ಯವಾದವುಗಳು. ಇವುಗಳ ಜೊತೆಗೆ ಸಿಂಹಾಸನಕ್ಕೆ ಖಲೀಫನ ಮನ್ನಣೆಯೂ ಇಂಗ್ಲಿಷರ ವಿರುದ್ಧ ಸಹಾಯವೂ ಬೇಕಾಗಿದ್ದವೆಂಬದು ನಿಜವೇ. ಆದರೆ ಬಿರುದು ಒಂದನ್ನೇ ಬಯಸಿದವನು ಬಂದರದ ಇಜಾರೆಯ ಕರಡನ್ನು ಜೊತೆಗೆ ಕೊಟ್ಟು ಕಳುಹುವನೇ? ಹಡಗಿನ ಹೊಟ್ಟೆಯಲ್ಲಿ ಗಂಧದ ಕೊರಡನ್ನೂ ಸಂಬಾರವನ್ನೂ ಬಟ್ಟೆಯನ್ನೂ ತುಂಬಿ, ದಾರಿಯುದ್ದಕ್ಕೂ ಮಾರಿ ಖರ್ಚನ್ನು ನೀಗಿಸಿಕೊಳ್ಳಿರೆಂದು ಹೇಳುವನೇ? ನಗೆಯಾಡುವ ವಿದ್ವಾಂಸರು ಇದಕ್ಕೆ ಉತ್ತರವನ್ನು ಕೊಡಲಿ.

1785ರ ನವೆಂಬರದಲ್ಲಿ ರಾಯಭಾರಿಗಳು ಶ್ರೀರಂಗಪಟ್ಟಣವನ್ನು ಬಿಟ್ಟರು. ಗುಲಾಮ್ ಅಲಿ ಖಾನನು ಅವರಲ್ಲಿ ಮುಖ್ಯನು. ಆತನು ಕಾಲಿಲ್ಲದವನಾದ್ದರಿಂದ ಬೆಳ್ಳಿಯ ಪೀಠದಲ್ಲಿ ಹೊತ್ತುಕೊಂಡು ಹೋಗಬೇಕಾಗಿದ್ದಿತು. 1786ರ ಮಾರ್ಚ್ 9ರಂದು ಅಘನಾಶಿನಿಯ ಬಾಯಿಯಲ್ಲಿರುವ ತದಡಿಯ ಬಂದರದಿಂದ ನಾಲ್ಕು ಹಡಗುಗಳು ಹಾಯಿ ಬಿಚ್ಚಿದವು. ಕುಮಟೆಯ ಕಡೆಯವರಿಗೆ ತದಡಿಯೆಂದರೆ ಮೀನಿನ ದೋಣಿಗಳು ನೆನಪಾಗುವವು. ಅಂದು ಸುಮಾರು 900 ಜನರು ಅಲ್ಲಿ ಹಡಗನ್ನೇರಿದರೆಂಬದು ಎಷ್ಟು ಜನರಿಗೆ ಗೊತ್ತಿದೆಯೋ ನಾವರಿಯೆವು. ಹೊರಡುವಾಗಲೇ ತಡವಾಗಿದ್ದಿತು. ನಮ್ಮ ಸಮುದ್ರದಲ್ಲಿ ಗಾಳಿಯೇ ಯಜಮಾನನು. ಮಳೆಗಾಲ ತೀರಿದ ಮೇಲೆ ಈಶಾನ್ಯದ ಗಾಳಿ ಹಿಡಿದು ಪಡುವಲಿಗೆ ಹೋಗುವ ಹಡಗು ಚಳಿಗಾಲದಲ್ಲಿಯೇ ಹೊರಡಬೇಕು. ಮಾರ್ಚ್ ತಿಂಗಳೆಂದರೆ ಆ ಹಂಗಾಮಿನ ಬಾಲ. ಒಂದು ತಿಂಗಳು ಜಾರಿದರೆ ಒಂದು ವರ್ಷವೇ ಜಾರುವ ವ್ಯವಹಾರವಿದು.

ಮಸ್ಕತ್ತನ್ನೂ ಬುಶೇರನ್ನೂ ಮುಟ್ಟಿ ಬಸ್ರಾ ಸೇರುವ ಹೊತ್ತಿಗೆ ಆ ವರ್ಷದ ಆಗಸ್ಟ್ ಆಗಿದ್ದಿತು. ಅಲ್ಲಿ ತಿಂಗಳುಗಟ್ಟಲೆ ಕಾಯುವದೇ ಕೆಲಸವಾಯಿತು. ಬಾಗದಾದಿನ ಸುಲೈಮಾನ್ ಪಾಶಾನ ಅಪ್ಪಣೆ ಬರಬೇಕು. ಅಪ್ಪಣೆಗೆ ದೋಣಿ ಬೇಕು. ದೋಣಿಗೆ ಕಾವಲು ಬೇಕು. ಕಾವಲಿಗೆ ಮತ್ತೆ ಅಪ್ಪಣೆ ಬೇಕು. ಹೆಸರಿಗೆ ಇಸ್ತಾಂಬೂಲಿನ ಅಧೀನನಾಗಿದ್ದು ನಿಜದಲ್ಲಿ ತಾನೇ ದೊರೆಯಾಗಿದ್ದ ಪಾಶಾನಿಗೆ ತನ್ನ ಆದಾಯದ ಬಂದರವನ್ನು ಕೇಳಲು ಬಂದವರನ್ನು ಬೇಗನೆ ಮುಂದಕ್ಕೆ ಸಾಗಿಸುವ ಆತುರವು ಏಕೆ ಇದ್ದೀತು? ಇತ್ತ ಹಡಗುಗಳು ಬೆಂಕಿಗೂ ಸಮುದ್ರಕ್ಕೂ ತುತ್ತಾದವು. ಕಾಣಿಕೆಗೆಂದು ತಂದ ಆನೆಗಳು ಸತ್ತವು. ಜನರು ಜ್ವರದಿಂದ ಸತ್ತರು. ರಾಯಭಾರದ ಲೇಖಕನಾದ ಖ್ವಾಜಾ ಅಬ್ದುಲ್ ಕಾದಿರನು ಬರೆದಿಟ್ಟ ದಿನಚರಿಯು 1968ರಲ್ಲಿ ಮೊಹಿಬ್ಬುಲ್ ಹಸನರ ಸಂಪಾದಕತ್ವದಲ್ಲಿ ಅಚ್ಚಾಗಿದೆ. ರಾಜವೈಭವದ ಹಿಂದೆ ಕಾಯುವವರ ಸಂಕಟವು ಹೇಗಿರುತ್ತದೆಂಬದನ್ನು ತಿಳಿಯಬಯಸುವವರು ಅದನ್ನು ನೋಡಬೇಕು.

ಇನ್ನು ಬಸ್ರಾದ ಸ್ಥಿತಿಯಾದರೂ ಏನು? 1776ರಿಂದ 1779ರ ವರೆಗೆ ಅದನ್ನು ಇರಾಣದವರು ಹಿಡಿದಿದ್ದರು. ಆ ಮುತ್ತಿಗೆಯ ಗಾಯವು ಮಾಯುವ ಮೊದಲೇ 1787ರಲ್ಲಿ ಮುಂತಫಿಕ್ ಅರಬರ ಶೇಖನಾದ ಥುವೈನಿಯು ಅದನ್ನು ಕೆಲವು ತಿಂಗಳು ಆಕ್ರಮಿಸಿಕೊಂಡನು. ಎಂದರೆ ಯಾವ ವರ್ಷದಲ್ಲಿ ನಮ್ಮವರು ಬಸ್ರಾವನ್ನು ಇಜಾರೆಗೆ ಕೊಡಿರೆಂದು ಇಸ್ತಾಂಬೂಲಿನಲ್ಲಿ ಕೇಳಿದರೋ ಅದೇ ವರ್ಷದಲ್ಲಿ ಬಸ್ರಾವು ಕೊಡತಕ್ಕವನ ಕೈಯಲ್ಲಿಯೇ ನಿಲ್ಲಲಿಲ್ಲ! ಅಷ್ಟೇ ಅಲ್ಲ, ಅದೇ ಬಂದರದಲ್ಲಿ ಇಂಗ್ಲಿಷ್ ಕಂಪನಿಯ ಕೋಠಿಯು ಮೊದಲಿನಿಂದಲೂ ಬೇರುಬಿಟ್ಟಿದ್ದಿತು. ಆ ಕೋಠಿಯ ಪಕ್ಕದಲ್ಲಿ ತದಡಿಯಿಂದ ಬಂದವರು ಅಂಗಡಿ ತೆರೆಯುವದನ್ನು ಕಂಪನಿಯು ಕೈಕಟ್ಟಿ ನೋಡುವದೆಂದು ಎಣಿಸುವದೂ ಭೋಳೆತನವೇ.

1787ರ ಸೆಪ್ಟಂಬರದ ಮೊದಲಲ್ಲಿ ರಾಯಭಾರವು ಇಸ್ತಾಂಬೂಲನ್ನು ಮುಟ್ಟಿತು. ಎರಡು ವಾರಗಳ ಹಿಂದೆಯಷ್ಟೇ, ಆಗಸ್ಟಿನಲ್ಲಿ, ತುರ್ಕರು ರಶಿಯದ ಮೇಲೆ ಯುದ್ಧವನ್ನು ಸಾರಿದ್ದರು. 1783ರಲ್ಲಿ ರಶಿಯವು ನುಂಗಿದ ಕ್ರಿಮಿಯಾವನ್ನು ಕಕ್ಕಿಸಬೇಕೆಂಬ ಹಟವು ಅವರದು. 1788ರ ಫೆಬ್ರವರಿಯಲ್ಲಿ ಆಸ್ಟ್ರಿಯವೂ ರಶಿಯದ ಪಕ್ಷದಲ್ಲಿ ನಿಂತಿತು. ಎರಡು ಮಹಾಶಕ್ತಿಗಳ ನಡುವೆ ಸಿಕ್ಕಿಬಿದ್ದ ಸುಲ್ತಾನ ಅಬ್ದುಲ್ ಹಮೀದನಿಗೆ ಯೂರೋಪಿನಲ್ಲಿ ಒಬ್ಬ ಸ್ನೇಹಿತನಾದರೂ ಬೇಕಾಗಿದ್ದನು. ಆ ಸ್ನೇಹವನ್ನು ಆತನು ಇಂಗ್ಲಂಡಿನಿಂದ ನಿರೀಕ್ಷಿಸುತ್ತಿದ್ದನು. ಇಂಗ್ಲಂಡಿನ ರಾಯಭಾರಿಯಾದ ಸರ್ ರಾಬರ್ಟ್ ಐನ್‌ಸ್ಲಿಯು ಹನ್ನೊಂದು ವರ್ಷಗಳಿಂದ ಅಲ್ಲಿ ನೆಲೆಯೂರಿದ್ದನು. ಮೈಸೂರಿನವರು ಏನು ತಂದಿದ್ದಾರೆ, ಏನು ಕೇಳುತ್ತಾರೆ, ಯಾರನ್ನು ಕಾಣುತ್ತಾರೆ ಎಂಬದೆಲ್ಲವನ್ನು ಆತನು ಹೊಂಚಿ ತಿಳಿದು ತನ್ನ ಸರಕಾರಕ್ಕೆ ಬರೆಯುತ್ತಿದ್ದನು. ಇಂಥ ಸ್ಥಿತಿಯಲ್ಲಿ ತುರ್ಕರ ವಜೀರರು ಮಾಡಿದ್ದು ಏನು? ಇಲ್ಲವೆನ್ನಲಿಲ್ಲ. ಆದರಿಸಿದರು, ಔತಣವಿಕ್ಕಿದರು, ಉಡುಪುಗಳನ್ನು ಹೊದಿಸಿದರು, ಇಂದು ಯುದ್ಧದ ಸಂದಣಿ ಎಂದರು. ಅಷ್ಟರಲ್ಲಿ ಪಟ್ಟಣದಲ್ಲಿ ಹಬ್ಬಿದ್ದ ಪ್ಲೇಗಿನ ಮಾರಿಯು ಪರಿವಾರದ ಎಷ್ಟೋ ಜನರನ್ನು ಬಲಿತೆಗೆದುಕೊಂಡಿತು. ಬಸ್ರಾದ ಇಜಾರೆಯು ಸಿಕ್ಕಲಿಲ್ಲ. ಉಳಿದವರು ಈಜಿಪ್ತದ ದಾರಿಯಿಂದ ಜಿದ್ದಾಕ್ಕೆ ಬಂದು, ಮಕ್ಕೆಯ ಯಾತ್ರೆಯನ್ನು ಮುಗಿಸಿ, 1789ರ ಕೊನೆಗೆ ಕಲ್ಲೀಕೋಟೆಯಲ್ಲಿ ನೆಲವನ್ನು ಕಂಡರು. ಹೋದವರಲ್ಲಿ ಮರಳಿದವರು ಬೆರಳೆಣಿಕೆಯಷ್ಟು.

ಹಾಗಾದರೆ ತಡಮಾಡಿದವರು ಯಾರು? ಯುದ್ಧವು ಎಂಬ ಉತ್ತರವು ಎಲ್ಲರ ನಾಲಗೆಯ ತುದಿಯಲ್ಲಿದೆ. ಯುದ್ಧಕಾಲದಲ್ಲಿ ವ್ಯಾಪಾರದ ಕರಾರುಗಳು ನಿಧಾನವಾಗುವದು ಸ್ವಾಭಾವಿಕವೆಂದು ಹೇಳಿ ಕೆಲವರು ಸಮಾಧಾನಪಟ್ಟುಕೊಳ್ಳುವರು. ನಾವು ಈ ಸಮಾಧಾನವನ್ನು ಒಪ್ಪಲಾರೆವು. ಹನ್ನೊಂದು ವರ್ಷ ಮುಂದೆ ಬನ್ನಿರಿ. 1798ರಲ್ಲಿ ಬೋನಾಪಾರ್ತನು ಈಜಿಪ್ತದಲ್ಲಿ ಇಳಿದಿದ್ದನು. ಜಗತ್ತೆಲ್ಲ ಯುದ್ಧದಲ್ಲಿ ಮುಳುಗಿದ್ದಿತು. ಆಗ ಕಂಪನಿಯವರು ಮೆಹದಿ ಅಲಿ ಖಾನನೆಂಬ ತಮ್ಮ ನೌಕರನನ್ನು ಮಸ್ಕತ್ತಿಗೆ ಕಳುಹಿದರು. ಅಕ್ಟೋಬರ್ 12ರಂದು ಅಲ್ಲಿಯ ಅರಸನಾದ ಸುಲ್ತಾನ್ ಬಿನ್ ಅಹಮದನು ಕೌಲನ್ನು ಬರೆದುಕೊಟ್ಟನು. ಫ್ರೆಂಚರಿಗೆ ಎಡೆಯಿಲ್ಲ, ಇಂಗ್ಲಿಷರು ಬಂದರ್ ಅಬ್ಬಾಸಿನಲ್ಲಿ ಕೋಠಿಯನ್ನು ಕಟ್ಟಬಹುದು ಎಂದು ಅದರಲ್ಲಿ ಬರೆದಿತ್ತು. 1800ರಲ್ಲಿ ಕಂಪನಿಯ ರೆಸಿಡೆಂಟನು ಮಸ್ಕತ್ತಿನಲ್ಲಿಯೇ ಬಂದು ಕುಳಿತನು. ಯುದ್ಧವು ಇದನ್ನು ತಡೆಯಲಿಲ್ಲ. ಬದಲಾಗಿ ಯುದ್ಧವೇ ಇದನ್ನು ದೂಡಿತು.

ಇನ್ನೊಂದು ನಿದರ್ಶನವು ಇದಕ್ಕಿಂತಲೂ ಕಟುವಾಗಿದೆ. ಬಸ್ರಾದ ಮಾತಿಗೆ ನೆಟ್ಟಗೆ ಉತ್ತರ ಕೊಡಲು ಬಿಡುವಿಲ್ಲದಿದ್ದ ಅದೇ ಇಸ್ತಾಂಬೂಲಿನಿಂದ, ಮೂರನೆಯ ಸಲೀಮನ ಕಾಲದಲ್ಲಿ, 1798ರ ಸೆಪ್ಟಂಬರದಲ್ಲಿ ಒಂದು ಪತ್ರವು ಟಿಪ್ಪುವಿಗೆ ಹೊರಟಿತು. ಫ್ರೆಂಚರ ಸಹವಾಸವನ್ನು ಬಿಡು, ಇಂಗ್ಲಿಷರೊಡನೆ ಜಗಳವಾಡಬೇಡ ಎಂಬುದು ಅದರ ಅಭಿಪ್ರಾಯವು. ಅದನ್ನು ತಂದು ಮುಟ್ಟಿಸಿದವರು ಯಾರು? ಇಂಗ್ಲಿಷರೇ! 1799ರ ಜನವರಿ 16ರಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ತನ್ನ ಕಾಗದದೊಡನೆ ಅದನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಕೊಟ್ಟನು. ಒಂದು ಕಾಲದಲ್ಲಿ ಅರ್ಜಿಯು ಹೋಗಿ ಬರುವದಕ್ಕೆ ನಾಲ್ಕು ವರ್ಷಗಳು ಸಾಲಲಿಲ್ಲ. ಈಗ ಬುದ್ಧಿವಾದದ ಪತ್ರವು ನಾಲ್ಕು ತಿಂಗಳಲ್ಲಿ ಮೈಸೂರಿನ ಬಾಗಿಲಿಗೆ ಹೊರಟು ನಿಂತಿತು. ಸಮುದ್ರ ಅದೇ, ಗಾಳಿ ಅದೇ, ಯುದ್ಧವೂ ಇದ್ದೇ ಇದ್ದಿತು. ಬೇರೆಯಾಗಿದ್ದದ್ದು ಹಡಗಿನ ಒಡೆತನ. ಯುದ್ಧವು ಬೇಡುವವನನ್ನು ಮಾತ್ರ ತಡೆಯುತ್ತದೆ, ಬಂದರವನ್ನು ಹಿಡಿದವನನ್ನು ತಡೆಯುವದಿಲ್ಲ ಎಂಬದನ್ನು ಯುದ್ಧದ ನೆಪವನ್ನು ಹೇಳುವ ನಮ್ಮ ವಿದ್ವಾಂಸರು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಲಿ.

ಹೀಗೆಂದು ನಾವು ಶ್ರೀರಂಗಪಟ್ಟಣದ ದರ್ಬಾರನ್ನು ನಿರ್ದೋಷಿಯೆಂದು ಬಿಡುವದಿಲ್ಲ. ಮಸ್ಕತ್ತಿನಲ್ಲಿ ಒಬ್ಬ ದಾರೋಗನೂ ಒಬ್ಬ ದಲಾಲನೂ ಸೇರಿ ಸದ್ದಿಲ್ಲದೆ ನಡೆಸಿದ ಕೆಲಸವು ಫಲಿಸಿತು; ಬಸ್ರಾದ ಕೆಲಸಕ್ಕೆ ಒಂಬೈನೂರು ಜನ, ಆನೆ, ಬೆಳ್ಳಿಯ ಪೀಠ, ನಾಲ್ಕು ಹಡಗು ಬೇಕಾದವು, ಏನೂ ಸಿಕ್ಕಲಿಲ್ಲ. ಈ ವ್ಯತ್ಯಾಸವು ಆಕಸ್ಮಿಕವಲ್ಲ. ಮಸ್ಕತ್ತಿನವನಿಗೆ ನಮ್ಮ ಅಕ್ಕಿಯ ಹಸಿವಿತ್ತು. ತುರ್ಕರ ಸುಲ್ತಾನನಿಗೆ ನಮ್ಮಿಂದ ಏನೂ ಬೇಕಾಗಿರಲಿಲ್ಲ. ಮಾರುವವನು ಕೊಳ್ಳುವವನ ಅಗತ್ಯವನ್ನು ಅರಿತು ಅಂಗಡಿಯನ್ನಿಡಬೇಕು. ಮೇಲಾಗಿ ವ್ಯಾಪಾರದ ಕರಾರನ್ನೂ ಸಿಂಹಾಸನದ ಮನ್ನಣೆಯನ್ನೂ ಸೈನ್ಯದ ಸಹಾಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ದೊಡ್ಡ ತಪ್ಪು. ಸೈನ್ಯವನ್ನು ಕೊಡಲಾರದವನು ಕೋಠಿಯ ಮಾತನ್ನೂ ಅದರೊಡನೆಯೇ ಬದಿಗಿಟ್ಟನು. ಬಸ್ರಾದಲ್ಲಿ ಪಾಶಾನೊಡನೆಯೇ ಕುಳಿತು, ಇಜಾರೆಯ ಮಾತನ್ನೆತ್ತದೆ, ಜಕಾತಿಯ ರಿಯಾಯತಿಯನ್ನೂ ಒಂದು ವಖಾರಿಯ ಜಾಗವನ್ನೂ ಕೇಳಿದ್ದರೆ 1786ರಲ್ಲಿಯೇ ಏನಾದರೂ ಕೈಗೆ ಹತ್ತುತ್ತಿತ್ತೆಂದು ನಮಗೆ ತೋರುವದು. ಇದೇ ಅವಧಿಯಲ್ಲಿ ಫ್ರಾನ್ಸಿಗೆ ಹೋದ ಮತ್ತೊಂದು ರಾಯಭಾರದ ಗತಿಯೂ ಹೀಗೆಯೇ ಆಯಿತು. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿಯು ಅದನ್ನು ವಿಜೃಂಭಣೆಯಿಂದ ಎದುರುಗೊಂಡನು, ಕೆಲವು ಕುಶಲರನ್ನು ಕೊಟ್ಟನು, ಮೈತ್ರಿಯ ಕರಾರನ್ನು ಕೊಡಲಿಲ್ಲ. ಸಾಲದಲ್ಲಿ ಮುಳುಗಿದ್ದ ಆ ಅರಸನ ಸಿಂಹಾಸನವೇ ಒಂದು ವರ್ಷದೊಳಗೆ ಅಲುಗಾಡಿತು.

ಟಿಪ್ಪುವು ಈ ಪಾಠವನ್ನು ಕಲಿಯಲೇ ಇಲ್ಲವೆಂದೂ ಹೇಳಲಾಗದು. 1793-94ರ ಸುಮಾರಿಗೆ ಆತನು ವ್ಯಾಪಾರಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು ಏರ್ಪಡಿಸಿ, ಮಸ್ಕತ್ತಿನ ಮತ್ತು ಕಚ್ಛದ ಕೋಠಿಗಳನ್ನು ಅದರ ವಶಕ್ಕೆ ಕೊಟ್ಟನು. ಪ್ರಜೆಗಳೂ ಹಣವನ್ನು ತೊಡಗಿಸಬಹುದೆಂದೂ, ಚಿಕ್ಕ ಮೊತ್ತವನ್ನಿಟ್ಟವನಿಗೆ ಲಾಭದ ದರವು ಹೆಚ್ಚು, ದೊಡ್ಡ ಮೊತ್ತದವನಿಗೆ ಕಡಿಮೆಯೆಂದೂ ನಿಯಮವಿದ್ದಿತು. ಬಡವನ ದುಡ್ಡಿಗೆ ಹೆಚ್ಚು ಬಡ್ಡಿಯನ್ನು ಕೊಡುವ ಸಾಹುಕಾರನನ್ನು ನಾವು ಇಂದಿನ ವರೆಗೆ ಕಂಡಿಲ್ಲ! ಆದರೆ ಆ ಹೊತ್ತಿಗೆ ಮೆಣಸಿನ ಸೀಮೆಯೇ ಕೈಬಿಟ್ಟಿದ್ದಿತು. 1790ರಲ್ಲಿ ತೊಡಗಿದ ಮೂರನೆಯ ಯುದ್ಧವು 1792ರಲ್ಲಿ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆಗೆದುಕೊಂಡು ನಿಂತಿತು. ಮಲಬಾರವು ಇಂಗ್ಲಿಷರ ಪಾಲಾಯಿತು. ಅಂದು ಕಾರ್ನ್‌ವಾಲಿಸನ ಡೇರೆಯಲ್ಲಿ ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ವಕೀಲರಲ್ಲಿ ಮುಖ್ಯನು ಯಾರೆಂದು ಬಲ್ಲಿರಾ? ಅದೇ ಗುಲಾಮ್ ಅಲಿ ಖಾನನು. ಇಸ್ತಾಂಬೂಲಿನಲ್ಲಿ ಒಂದು ಬಂದರವನ್ನು ಬೇಡಿದ್ದ ನಾಲಗೆಯೇ ಇಲ್ಲಿ ಅರ್ಧ ರಾಜ್ಯವನ್ನು ಬಿಟ್ಟುಕೊಡುವ ಮಾತನ್ನು ಆಡಬೇಕಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಕನ್ನಡ ಕರಾವಳಿಯನ್ನು ಕಂಪನಿಯು ತಾನೇ ಇಟ್ಟುಕೊಂಡಿತು. ಒಡೆಯರಿಗೆ ಮರಳಿಸಿದ ಮೈಸೂರಿಗೆ ಒಂದು ಅಂಗುಲ ಸಮುದ್ರವನ್ನೂ ಬಿಡಲಿಲ್ಲ. ಇದು ಗಡಿಯ ಗೆರೆಯನ್ನೆಳೆಯುವಾಗ ಆದ ಮರೆವೆಂದು ನಂಬುವವರು ನಂಬಲಿ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕಟ್ಟಿದರು, ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಗಂಧವು ಒಂದು ಸಂಸ್ಥಾನದಲ್ಲಿ, ತದಡಿಯು ಒಂದು ಇಲಾಖೆಯಲ್ಲಿ, ಮಂಗಳೂರು ಇನ್ನೊಂದು ಇಲಾಖೆಯಲ್ಲಿ. ಭಟ್ಕಳದಲ್ಲಿ ಒಂದು ಬಂದರವಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಆಲೋಚಿಸಿದಾಗ ಮೈಸೂರು ಪರರ ಸೀಮೆಯನ್ನು ದಾಟದೆ ಸಮುದ್ರವನ್ನು ಕಾಣುವಂತಿರಲಿಲ್ಲ. ಆ ಆಲೋಚನೆಯು ಕಾಗದವನ್ನು ಬಿಟ್ಟು ಏಳಲಿಲ್ಲ.

ಇದರ ಫಲವು 1914ರಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಅದುವರೆಗೆ ಮೈಸೂರು ಸರಕಾರವು ಗಂಧದ ಕೊರಡುಗಳನ್ನು ಹರಾಜು ಹಾಕುವದು, ಬಹುಭಾಗವು ಜರ್ಮನಿಗೆ ಹೋಗುವದು, ಅಲ್ಲಿ ಎಣ್ಣೆಯಾಗುವದು, ಹೀಗೆ ನಡೆದುಬಂದಿದ್ದಿತು. ಆ ವರ್ಷದ ಆಗಸ್ಟಿನಲ್ಲಿ ಯುದ್ಧವು ಹೊತ್ತಿಕೊಂಡೊಡನೆ ಕೊಳ್ಳುವವರು ಇಲ್ಲದಾದರು. ಸರಕು ಕೋಠಿಗಳಲ್ಲಿ ಕುಳಿತಿತು. ಟಿಪ್ಪುವಿನ ಕಾಲಕ್ಕೂ ಈ ಕಾಲಕ್ಕೂ ಒಂದು ಭೇದವನ್ನು ನೋಡಿರಿ. ಈ ಸಲ ಯಾರೂ ಪರರ ಬಾಗಿಲಲ್ಲಿ ನಿಂತು ಯುದ್ಧವು ಮುಗಿಯಲೆಂದು ಕಾಯಲಿಲ್ಲ. ದಿವಾನ ವಿಶ್ವೇಶ್ವರಯ್ಯನವರ ಸರಕಾರದಲ್ಲಿ ಕೈಗಾರಿಕೆಯ ಅಧಿಕಾರಿಯಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರೂ, ಬೆಂಗಳೂರಿನ ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ನರೂ ಸೇರಿ ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯ, 1917ರಲ್ಲಿ ಮೈಸೂರಿನಲ್ಲಿಯ ಕಾರ್ಖಾನೆಗಳು ಕೆಲಸಕ್ಕೆ ತೊಡಗಿದವು. ಭಾರವಾದ ಕೊರಡನ್ನು ಕೊಳ್ಳಿರೆಂದು ಅಂಗಲಾಚುವ ಬದಲು, ಬಾಟ್ಲಿಯಲ್ಲಿ ಹಿಡಿಯುವ ಎಣ್ಣೆಯನ್ನು ನಮ್ಮ ಬೆಲೆಗೆ ಕೊಳ್ಳಿರೆಂದು ಹೇಳುವ ಸ್ಥಿತಿಯು ಬಂದಿತು. ಎಣ್ಣೆಯ ಬೆನ್ನಿಗೆ ಬಂದ ಸಾಬೂನನ್ನು ಇಂದಿಗೂ ಮನೆಮನೆಯಲ್ಲಿ ಬಳಸುತ್ತಾರೆ. ಯುದ್ಧದ ವಿಳಂಬಕ್ಕೆ ಮದ್ದು ಯಾವುದೆಂದು ಕೇಳುವವರಿಗೆ ಈ ಎರಡು ಕಾರ್ಖಾನೆಗಳನ್ನು ನಾವು ತೋರಿಸುವೆವು.

ಆದರೂ ಆ ಎಣ್ಣೆಯು ಸಹ ಪರರ ಬಂದರದಿಂದಲೇ ಹಡಗನ್ನು ಏರಬೇಕಾಗಿದ್ದಿತು. 1956ರ ನವೆಂಬರ 1ರಂದು ನಾಡು ಒಂದಾದ ಮೇಲೆಯೇ ಗಂಧದ ಕಾಡೂ ತದಡಿಯ ದಕ್ಕೆಯೂ ಮತ್ತೆ ಒಂದೇ ಸರಕಾರದ ಕೆಳಗೆ ಬಂದವು. ನೂರೈವತ್ತೇಳು ವರ್ಷಗಳ ಅಂತರವಿದು. ಏಕೀಕರಣವನ್ನು ಬರಿಯ ಭಾಷೆಯ ಹಟವೆಂದು ಇಂದಿಗೂ ಲಘುವಾಗಿ ಮಾತನಾಡುವ ಮಹನೀಯರು ಒಮ್ಮೆ ಈ ಅಂತರವನ್ನು ರೂಪಾಯಿ ಆಣೆಗಳಲ್ಲಿ ಎಣಿಸಿ ನೋಡುವದಾದರೆ ಉಪಕಾರವಾದೀತು.

ನಮ್ಮ ವಿದ್ಯಾಲಯಗಳವರಿಗೆ ನಮ್ಮದೊಂದು ನೇರವಾದ ಬೇಡಿಕೆಯಿದೆ. ಮೀರ್ ಕಾಜಿಮನಿಗೆ ಬರೆದ ಪತ್ರಗಳೂ ಅಬ್ದುಲ್ ಕಾದಿರನ ದಿನಚರಿಯೂ ಕರಾವಳಿಯ ಹುಡುಗರ ಕೈಗೆ ತಿಳಿಗನ್ನಡದಲ್ಲಿ, ಸುಲಭ ಬೆಲೆಯಲ್ಲಿ ದೊರೆಯಬೇಕು. ಹೂಮಾಲೆಯವರೂ ಕಲ್ಲಿನವರೂ ಮುನ್ನುಡಿಯನ್ನು ಬರೆಯುವ ಅವಶ್ಯಕತೆಯಿಲ್ಲ. ಅಕ್ಕಿಯ ಬೆಲೆ, ಗಂಧದ ತೂಕ, ಹಡಗುಗಳ ಹೆಸರು, ಕಾದ ದಿನಗಳ ಲೆಕ್ಕ ಇಷ್ಟು ಅಚ್ಚಾದರೆ ಸಾಕು. ತದಡಿಯ ದಕ್ಕೆಯ ಮೇಲೆ 1786ರ ಮಾರ್ಚ್ 9ರ ತಾರೀಖನ್ನು ಕೆತ್ತಿದ ಒಂದು ಕಲ್ಲನ್ನು ನಿಲ್ಲಿಸುವದಕ್ಕೆ ಎಷ್ಟು ಖರ್ಚಾದೀತೆಂಬದನ್ನು ಸಂಬಂಧಪಟ್ಟ ಅಧಿಕಾರಿಗಳು ತಿಳಿಸುವದಾದರೆ, ವಂತಿಗೆಯನ್ನು ಕೂಡಿಸುವ ಕೆಲಸವನ್ನು ನಾವೇ ವಹಿಸಿಕೊಳ್ಳುವೆವು.